ಮಗಳಿಗೊಂದು ಪತ್ರ: ಆ ರಜೆ ಮೊದಲು ನಿನ್ನದಾಗಲಿ

ಕೌಲ್ ಬಜಾರ್, ಬಳ್ಳಾರಿ

ಮಗಳೇ,

ನಿನ್ನೆ ಫೋನಿನಲ್ಲಿ ನೀನು ಅಳುತ್ತಿದ್ದೆ. ಮಿಷಿನ್ ಸದ್ದಿನಲ್ಲಿ ನನಗೆ ಅರ್ಧ ಕೇಳಿಸಲೇ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹೋದ ಕ್ರಿಸ್‌ಮಸ್ ರಜೆಯನ್ನು ಎಳೆ ಕೂಸಿನ ತಾಯಿಗೆ ನೀನೇ ಬಿಟ್ಟುಕೊಟ್ಟೆ. ಈ ಸಲ ಕೇಳದೆಯೇ ನೈಟ್ ಡ್ಯೂಟಿ ಹಾಕಿದ್ದಾರೆ. ಕೇಳಲು ಹೋದರೆ ನಿಮ್ಮ ಮೇಡಮ್, "ನೀವು ಯೇಸುವಿನವರು, ಸೇವೆ ನಿಮಗೆ ಹೊಸದಾ?" ಅಂದರಂತೆ. ರಜೆ ಕೇಳಿದ್ದೇ ತಪ್ಪಾಯಿತಾ ಅಂತ ನಿನ್ನ ಸಂಕಟ.

ನಮ್ಮ ಬಳ್ಳಾರಿಗೆ 1810ರಲ್ಲಿ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ಬೈಬಲ್ಲನ್ನು ಕನ್ನಡಕ್ಕೆ ತರಲು ಕೂತರು. ಪೂರ್ತಿ ಬೈಬಲ್ ಕೈಗೆ ಬರುವ ಹೊತ್ತಿಗೆ 1831. ಇಪ್ಪತ್ತು ವರ್ಷ ಹಿಡಿದ ಪುಸ್ತಕವನ್ನು ನಿಮ್ಮ ಮೇಡಮ್ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರು ನೋಡು!

ಅದೇ ಬೈಬಲ್ಲಿನಲ್ಲಿ, ಯೇಸುವಿನ ಸುವಾರ್ತೆ ಸಾರುತ್ತಾ ಊರೂರು ತಿರುಗಿದ ಪೌಲ ಕೊರಿಂಥ ಊರಿನವರಿಗೆ ಬರೆದ ಮೊದಲ ಪತ್ರದ 9ನೇ ಅಧ್ಯಾಯ ತೆಗೆ. ಸಾರುವವನಿಗೆ ಅದರಿಂದಲೇ ಹೊಟ್ಟೆಪಾಡು ನಡೆಯಬೇಕು ಅನ್ನುವ ಹಕ್ಕಿನ ಮಾತು ಅಲ್ಲಿದೆ. ಹಕ್ಕು ಬಿಟ್ಟೆ ಅನ್ನುವ ಮೊದಲು, ಆ ಹಕ್ಕು ತನ್ನದೇ ಅಂತ ಪೌಲ ಎಷ್ಟು ವಾದ ಮಾಡುತ್ತಾನೆ! ಸ್ವಂತ ಖರ್ಚಿನಲ್ಲಿ ದಂಡಿಗೆ ಹೋಗುವವರು ಯಾರು? ದ್ರಾಕ್ಷಿ ತೋಟ ಮಾಡಿದವನು ಹಣ್ಣು ತಿನ್ನಲ್ವಾ? ಕಣ ತುಳಿಯುವ ಎತ್ತಿನ ಬಾಯಿ ಕಟ್ಟಬಾರದು ಅನ್ನುವ ಮೋಶೆಯ ನಿಯಮವನ್ನೂ ಎಳೆದು ತರುತ್ತಾನೆ. ಇಷ್ಟೆಲ್ಲ ಆದ ಮೇಲೆ, ಆದರೂ ನಾನು ತಗೊಳ್ಳಲಿಲ್ಲ ಅನ್ನುತ್ತಾನೆ. ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲ ಅನ್ನುವ ಗಂಡ ಹೆಂಡತಿಯ ಜೊತೆ ಗುಡಾರದ ಕೆಲಸ ಮಾಡಿ ಹೊಟ್ಟೆ ಹೊರೆದ. ದಿನವೆಲ್ಲ ಜೀನ್ಸ್ ಹೊಲಿಯುವ ನನಗೆ ಆ ಬೆರಳಿನ ನೋವು ಗೊತ್ತು.

ಅದೇ ಪೌಲ ಫಿಲಿಪ್ಪಿ ಊರಿನಲ್ಲಿ ಏನು ಮಾಡಿದ? ವಿಚಾರಣೆ ಇಲ್ಲದೆ ಛಡಿಯೇಟು ಕೊಟ್ಟು, ಅವನನ್ನೂ ಜೊತೆಗಾರ ಸೀಲನನ್ನೂ ಜೈಲಿಗೆ ಹಾಕಿದರು. ಬೆಳಗಾದಾಗ ಸುಮ್ನೆ ಹೊರಟುಹೋಗಿ ಅಂತ ಹೇಳಿ ಕಳಿಸಿದರು. ಇವನು ಕದಲಲಿಲ್ಲ. ನಾವು ರೋಮಿನ ಪ್ರಜೆಯ ಹಕ್ಕುಳ್ಳವರು, ವಿಚಾರಣೆ ಇಲ್ಲದೆ ಹೊಡೆಯುವಂತಿಲ್ಲ, ಎಲ್ಲರೆದುರು ಹೊಡೆದು ಈಗ ಗುಟ್ಟಾಗಿ ಕಳಿಸುತ್ತಾರಾ, ಅವರೇ ಬರಲಿ ಅಂದ. ಅಧಿಕಾರಿಗಳು ಹೆದರಿ ತಾವೇ ಬಂದು ಸಮಾಧಾನ ಹೇಳಿದರು.

ಇದು ನನಗೆ ತಡವಾಗಿ ಅರ್ಥವಾಯಿತು. ನೀನು ಚಿಕ್ಕವಳಿದ್ದಾಗ ಒಂದು ಯೂನಿಟ್‌ನಲ್ಲಿ ಹೊಲಿಯುತ್ತಿದ್ದೆ. ಪೀಸಿಗೆ ಇಷ್ಟು ಅಂತ ಮಾತಾಗಿದ್ದ ದುಡ್ಡನ್ನು ಮಾಲೀಕ ಮುರಿದುಕೊಂಡ. "ನೀನು ಚರ್ಚಿಗೆ ಹೋಗೋಳು, ಜಗಳ ಆಡಲ್ಲ ಬಿಡು" ಅಂದ. ನಾನು ಮರುಮಾತಾಡದೆ ಬಂದೆ. ಎಷ್ಟೋ ವರ್ಷ ಅದನ್ನು ತ್ಯಾಗ ಅಂದುಕೊಂಡಿದ್ದೆ. ತ್ಯಾಗ ಏನಲ್ಲ, ಹೆದರಿಕೆ. ನನ್ನ ಪಕ್ಕದ ಇಬ್ಬರು ಹುಡುಗಿಯರ ದುಡ್ಡೂ ಹೋಯಿತು. ವಯಸ್ಸಿನಲ್ಲಿ ದೊಡ್ಡವಳು ನಾನೇ ಬಾಯಿ ಬಿಡದಿದ್ದರೆ ಅವರು ಹೇಗೆ ಕೇಳಿಯಾರು?

ಇನ್ನೊಂದು ಹೇಳುತ್ತೇನೆ. ನಮ್ಮ ವಠಾರದ ಅಜ್ಜಿಗೆ ಶ್ರಾವಣ ಸೋಮವಾರ ಉಪವಾಸ. ಗೋಡೆ ಒಂದೇ, ವಾಸನೆ ಅವರ ಮನೆಗೇ ಹೋಗುತ್ತದೆ. ಅವತ್ತು ನಾನು ಮೀನು ಹುರಿಯುವುದಿಲ್ಲ. ಅಜ್ಜಿ ಒಂದು ದಿನವೂ ಬೇಡ ಅಂದವರಲ್ಲ. ಅಂದಿದ್ದರೆ, ನನ್ನ ಬುದ್ಧಿ ನಿನಗೆ ಗೊತ್ತಲ್ಲ, ಬೇಕಂತಲೇ ಹುರಿಯುತ್ತಿದ್ದೆ.

ನಾಳೆಯೇ ರಜೆಗೆ ಬರೆದುಕೊಡು. ಮರ್ಯಾದೆಯಿಂದ ಬರೆ, ಕ್ಷಮಿಸಿ ಗಿಮಿಸಿ ಅಂತ ಸೇರಿಸಬೇಡ. ರಜೆ ಸಿಕ್ಕ ಮೇಲೆ, ನಿನಗಿಂತ ಜಾಸ್ತಿ ಕಷ್ಟದಲ್ಲಿರುವವಳು ಕಂಡರೆ ಅವಳಿಗೆ ಕೊಡು. ನಾನು ಬೇಡ ಅನ್ನುವುದಿಲ್ಲ. ಆರಾಧನೆಯಲ್ಲಿ ನಿನ್ನ ಜಾಗ ಖಾಲಿ ಕಂಡು ಸ್ವಲ್ಪ ಅಳುತ್ತೇನೆ, ಅಷ್ಟೇ.

ಬರುವುದಾದರೆ ಹಂಪಿ ಎಕ್ಸ್‌ಪ್ರೆಸ್‌ಗೆ ಈಗಲೇ ಟಿಕೆಟ್ ಮಾಡಿಸು. ಬರದಿದ್ದರೆ ಕರ್ಜಿಕಾಯಿ ಬಸ್ಸಿನಲ್ಲಿ ಕಳಿಸುತ್ತೇನೆ. ಎರಡು ಡಬ್ಬಿ ಇರುತ್ತದೆ. ಒಂದು ಆ ಕೂಸಿನ ತಾಯಿಗೆ.

ನಿನ್ನ ಅವ್ವ