ಬಚ್ಚಲುಮನೆಯ ಬಾಗಿಲಿನ ಅಳತೆಯನ್ನೂ ಮೊದಲೇ ಯೋಚಿಸಬೇಕು

ಮಾನ್ಯ ಸಂಪಾದಕರೇ,

ಮಳೆಗಾಲ ಮುಗಿದು ದೀಪಾವಳಿ ಕಳೆಯುತ್ತಿದ್ದಂತೆ ನಮ್ಮ ಮಲೆನಾಡಿನ ಊರುಗಳಲ್ಲಿ ಮನೆ ಕಟ್ಟುವ ಕೆಲಸ ಚುರುಕಾಗುತ್ತದೆ. ಗೋಡೆ ಏಳುವ ಹೊತ್ತಿಗೆ ಒಳ್ಳೆಯ ದಿನ ನೋಡಿ ಹೆಬ್ಬಾಗಿಲಿನ ಬಾಗಿಲುವಾಡವನ್ನು ನಿಲ್ಲಿಸಿ, ಹೊಸ್ತಿಲಿಗೆ ಅರಿಸಿನ ಕುಂಕುಮ ಹಚ್ಚಿ, ಮಾವಿನ ತೋರಣ ಕಟ್ಟಿ ಪೂಜಿಸುವುದು ನಡೆದುಬಂದ ಪದ್ಧತಿ. ಆ ಒಂದು ಬಾಗಿಲಿಗಾಗಿ ಮನೆಯವರು ತಿಂಗಳುಗಟ್ಟಲೆ ಮರ ಹುಡುಕುತ್ತಾರೆ, ಕೆತ್ತನೆಯ ಮಾದರಿ ನೋಡಲು ಊರೂರು ಸುತ್ತುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ, ನಾನೂ ಹಾಗೆಯೇ ಮಾಡಿದವನು. ಆದರೆ ಅದೇ ಮನೆಯ ಒಳಬಾಗಿಲುಗಳನ್ನು, ಅದರಲ್ಲೂ ಬಚ್ಚಲುಮನೆಯ ಬಾಗಿಲನ್ನು, ಅಂಗಡಿಯಲ್ಲಿ ನಿಂತ ನಿಲುವಿನಲ್ಲೇ ಐದು ನಿಮಿಷದಲ್ಲಿ ಆರಿಸಿ ಬಂದುಬಿಡುತ್ತೇವೆ. ಅದರ ಫಲವನ್ನು ಸ್ವತಃ ಉಂಡ ಮೇಲೆ ಈ ಪತ್ರ ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದೆ, ಶ್ರಾವಣದ ಒಂದು ಬೆಳಿಗ್ಗೆ, ಆಗ 79 ವರ್ಷದವರಾಗಿದ್ದ ನನ್ನ ತಾಯಿ ಬಚ್ಚಲಿನಲ್ಲಿ ಕಾಲು ಜಾರಿ ಬಿದ್ದರು. ಬಾಗಿಲು ಒಳಕ್ಕೆ ತೆರೆಯುವಂಥದ್ದು, ಒಳಗಿನಿಂದ ಚಿಲಕ ಹಾಕಿತ್ತು, ಅವರು ಬಿದ್ದದ್ದೂ ಬಾಗಿಲಿಗೆ ಒತ್ತಿಕೊಂಡಂತೆಯೇ. ‘ಅಮ್ಮಾ, ಚೂರು ಆಚೆ ಸರಿಯಕ್ಕಾಗ್ತದಾ?’ ಎಂದು ಕೇಳಿದರೆ ‘ಆಗಲ್ಲ ಮಗಾ’ ಎಂಬ ಕ್ಷೀಣ ಧ್ವನಿ ಬಂತು. ಬಲವಾಗಿ ತಳ್ಳಿದರೆ ಅವರಿಗೇ ಪೆಟ್ಟು. ಬಿಜಾಗರಿಯನ್ನು ಕಳಚೋಣವೆಂದರೆ, ಬಾಗಿಲು ಯಾವ ಕಡೆಗೆ ತೆರೆಯುತ್ತದೆಯೋ ಅದೇ ಕಡೆಗೆ ಬಿಜಾಗರಿಯೂ ಇರುತ್ತದೆ. ಹೊರಗೆ ನಿಂತವರ ಕೈಗೆ ಅದು ಸಿಗುವುದಿಲ್ಲ. ಕೊನೆಗೆ ಪಕ್ಕದ ಬೀದಿಯ ಆಚಾರ್ರು ಬಂದು, ಕದದ ನಡುವೆ ತೂತು ಕೊರೆದು, ಅದರೊಳಗೆ ಗರಗಸ ಇಳಿಸಿ, ಮೇಲಿನ ಅರ್ಧವನ್ನು ಕತ್ತರಿಸಿ ತೆಗೆದ ಮೇಲೆ ನಾನು ಒಳಗೆ ಇಳಿದೆ. ಅಷ್ಟೂ ಹೊತ್ತು ಅಮ್ಮ ಒದ್ದೆ ನೆಲದ ಮೇಲೆ, ಮೈಮೇಲೆ ಬೀಳುತ್ತಿದ್ದ ಮರದ ಹೊಟ್ಟಿನ ನಡುವೆ ಬಿದ್ದಿದ್ದರು.

ಸೊಂಟದ ಮೂಳೆ ಮುರಿದಿತ್ತು. ಶಸ್ತ್ರಚಿಕಿತ್ಸೆಯಾಗಿ ಗಾಲಿಕುರ್ಚಿಯಲ್ಲಿ ಮನೆಗೆ ಬಂದರು. ಹೆಬ್ಬಾಗಿಲಿನಲ್ಲಿ ಕುರ್ಚಿ ಸಲೀಸಾಗಿ ಒಳಬಂತು, ಮಲಗುವ ಕೋಣೆಗೂ ಹೋಯಿತು, ಬಚ್ಚಲಿನ ಬಾಗಿಲಲ್ಲಿ ಸಿಕ್ಕಿಕೊಂಡಿತು. ಚಕ್ರದ ಮೇಲೆ ಕೈಯಿಟ್ಟುಕೊಂಡು ತಾವೇ ಒಳಗೆ ಹೋಗಲು ನೋಡಿದ ಅಮ್ಮನ ಬೆರಳಿನ ಗೆಣ್ಣುಗಳು ಬಾಗಿಲುವಾಡದ ಅಂಚಿಗೆ ತಾಗಿ ತರಚಿಹೋದವು. ಆ ದಿನ ಅಳತೆಪಟ್ಟಿ ಹಿಡಿದು ನೋಡಿದೆ. ನಾವು ‘ಎರಡೂವರೆ ಅಡಿ ಬಾಗಿಲು’ ಎಂದು ಕರೆಯುವುದು ಬಾಗಿಲುವಾಡದ ಹೊರ ಅಳತೆಯನ್ನು. 30 ಇಂಚಿನಲ್ಲಿ ಎರಡೂ ಬದಿಯ ಎರಡೂವರೆ ಇಂಚಿನ ಕಂಬಗಳನ್ನು ಕಳೆದರೆ 25 ಇಂಚು ಉಳಿಯುತ್ತದೆ. ತೆರೆದ ಕದದ ದಪ್ಪವೂ ಅಡ್ಡ ಬರುವುದರಿಂದ ನಿಜವಾದ ದಾರಿ 24 ಇಂಚಿಗಿಂತ ಚೂರು ಹೆಚ್ಚು, ಅಷ್ಟೇ. ಅಮ್ಮನ ಗಾಲಿಕುರ್ಚಿಯ ಅಗಲ 25½ ಇಂಚು. ಹೊರ ಅಳತೆ ಮೂರು ಅಡಿ ಇದ್ದಿದ್ದರೆ ಸುಮಾರು 30 ಇಂಚು ದಾರಿ ಸಿಗುತ್ತಿತ್ತು. ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯವು 2021ರಲ್ಲಿ ಹೊರತಂದ, ಎಲ್ಲರಿಗೂ ಸುಗಮವಾಗುವ ಕಟ್ಟಡಗಳ ಮಾರ್ಗಸೂಚಿಯು ಬಾಗಿಲಿನ ತೆರವು ಕನಿಷ್ಠ 900 ಮಿಲಿಮೀಟರ್, ಅಂದರೆ 35 ಇಂಚಿಗೂ ಹೆಚ್ಚು, ಇರಬೇಕೆನ್ನುತ್ತದೆ. ಅದು ಮುಖ್ಯವಾಗಿ ಸಾರ್ವಜನಿಕ ಕಟ್ಟಡಗಳನ್ನು ಕುರಿತದ್ದು ನಿಜ, ಆದರೆ ಮುಪ್ಪು ಬರುವುದು ಮನೆಯೊಳಗೇ ಅಲ್ಲವೇ?

ನಮ್ಮ ಮನೆಯ ನಕಾಶೆಯನ್ನು ಮತ್ತೆ ತೆಗೆದು ನೋಡಿದೆ. ಡಿ ಎಂದರೆ ಹೆಬ್ಬಾಗಿಲು, ಮೂರೂವರೆ ಅಡಿ. ಡಿ1 ಕೋಣೆಯ ಬಾಗಿಲು, ಮೂರು ಅಡಿ. ಡಿ2 ಬಚ್ಚಲು ಮತ್ತು ಶೌಚಾಲಯ, ಎರಡೂವರೆ ಅಡಿ. ಹೆಚ್ಚುಕಡಿಮೆ ಎಲ್ಲರ ನಕಾಶೆಯಲ್ಲೂ ಇದೇ ಕ್ರಮ. ಬಿದ್ದರೆ ಮೇಲಕ್ಕೆತ್ತಲು ಇನ್ನೊಬ್ಬರು ಒಳಬರಬೇಕಾದ ಜಾಗಕ್ಕೇ ಎಲ್ಲಕ್ಕಿಂತ ಕಿರಿದಾದ ಬಾಗಿಲು ಏಕೆ ಎಂದು ಮನೆ ಕಟ್ಟಿಸುವಾಗ ನಾನು ಕೇಳಲಿಲ್ಲ, ನಕಾಶೆ ಬರೆದವರೂ ಹೇಳಲಿಲ್ಲ.

ಬಚ್ಚಲಿನ ಬಾಗಿಲು ಹೊರಕ್ಕೆ ತೆರೆಯುವಂತಿರಬೇಕು ಎಂಬುದು ಈಗ ನನ್ನ ದೃಢವಾದ ಅಭಿಪ್ರಾಯ. ಇದಕ್ಕೆ ಆಕ್ಷೇಪಗಳಿಲ್ಲದೆ ಇಲ್ಲ: ಒಳಮೈಗೆ ಸಿಡಿದ ನೀರು ಬಾಗಿಲು ತೆರೆದಾಗ ಹೊರಗಿನ ನೆಲಕ್ಕೆ ತೊಟ್ಟಿಕ್ಕುತ್ತದೆ, ಮನೆಯೊಳಗಿನ ಓಣಿ ಕಿರಿದಾಗಿದ್ದರೆ ಹಾದುಹೋಗುವವರಿಗೆ ಕದ ತಾಗುತ್ತದೆ. ನೀರಿಗೆ ಒಂದು ಕಾಲೊರಸು ಸಾಕು. ಓಣಿ ಕಿರಿದಾಗಿರುವಲ್ಲಿ ಗೋಡೆಯ ಮಗ್ಗುಲಿಗೆ ಸರಿಯುವ ಬಾಗಿಲನ್ನು ಹಾಕಿಸಬಹುದು. ಇದರ ಜೊತೆಗೆ, ಹೊರಗಿನಿಂದ ನಾಣ್ಯವನ್ನೋ ಸ್ಕ್ರೂಡ್ರೈವರನ್ನೋ ಇಟ್ಟು ತಿರುಗಿಸಿ ತೆಗೆಯಬಹುದಾದ ಚಿಲಕಗಳು ಈಗ ಸಿಗುತ್ತವೆ. ವಯಸ್ಸಾದವರೂ ಚಿಕ್ಕ ಮಕ್ಕಳೂ ಇರುವ ಮನೆಯಲ್ಲಿ ಅಂಥ ಚಿಲಕವನ್ನೇ ಹಾಕಿಸಬೇಕು.

ಇನ್ನು ಕದದ ಗುಣದ ಮಾತು. ನಮ್ಮ ಭಾಗದಲ್ಲಿ ಆಷಾಢ ಬಂತೆಂದರೆ ಬಾಗಿಲುಗಳು ಉಬ್ಬಿ ಕಚ್ಚಿಕೊಳ್ಳುತ್ತವೆ. ಆಗ ಬಡಗಿಯನ್ನು ಕರೆಸಿ ಅಂಚು ಕೀಸಿಸಿದರೆ, ಶಿವರಾತ್ರಿಯ ಹೊತ್ತಿಗೆ ಅದೇ ಬಾಗಿಲು ಒಣಗಿ ಸಂದಿಯಲ್ಲಿ ಬೆಳಕು ಕಾಣುತ್ತದೆ. ಫ್ಲಶ್ ಬಾಗಿಲಿನಲ್ಲಿ, ಅಂದರೆ ಎರಡೂ ಮೈಗೆ ಪ್ಲೈವುಡ್ ಹಾಳೆ ಅಂಟಿಸಿದ ಸಪಾಟು ಕದದಲ್ಲಿ, ಇದಕ್ಕಿಂತ ದೊಡ್ಡ ತೊಂದರೆ ಇರುವುದು ಯಾರೂ ನೋಡದ ಕೆಳ ಅಂಚಿನಲ್ಲಿ. ಅಂಗಡಿಯಿಂದ ಬಂದ ಕದವನ್ನು ಅಳತೆಗೆ ಕೂರಿಸಲು ಬುಡವನ್ನು ಕೊಯ್ಯುತ್ತಾರೆ, ಎರಡೂ ಮೈಗೆ ಅಂದವಾಗಿ ಬಣ್ಣ ಬಳಿಯುತ್ತಾರೆ, ಕೊಯ್ದ ಅಂಚನ್ನು ಮಾತ್ರ ಬಣ್ಣವಿಲ್ಲದೆ ಹಾಗೆಯೇ ಬಿಡುತ್ತಾರೆ. ನೆಲ ತೊಳೆದ ನೀರು ಅಲ್ಲಿಂದಲೇ ಮೇಲೇರುತ್ತದೆ. ನಮ್ಮ ಹಳೆಯ ಬಾಗಿಲನ್ನು ಕೊಯ್ದಾಗ ಬುಡದಿಂದ ಒಂದು ಗೇಣಿನಷ್ಟು ಎತ್ತರಕ್ಕೆ ಒಳಗಿನ ಪಟ್ಟಿಗಳು ಕಪ್ಪಾಗಿ, ಬೆರಳಿನಿಂದ ಒತ್ತಿದರೆ ಪುಡಿಯಾಗುವಂತಿದ್ದವು. ಹೊರಗಿನ ಬಣ್ಣ ಮಾತ್ರ ಹೊಸದರಂತೆ ಹೊಳೆಯುತ್ತಿತ್ತು. ಕದವನ್ನು ನೇತುಹಾಕುವ ಮುನ್ನ ಬುಡ ಮತ್ತು ನೆತ್ತಿಯ ಅಂಚುಗಳಿಗೆ ಎರಡು ಕೈ ಪ್ರೈಮರ್, ಅದರ ಮೇಲೆ ಬಣ್ಣ ಬಳಿಸಲು, ಒಣಗುವ ಹೊತ್ತು ಬಿಟ್ಟರೆ, ಒಂದು ಗಂಟೆಯೂ ಬೇಡ, ಆದರೆ ಮನೆಯವರು ಎದುರಿಗೆ ನಿಂತು ಮಾಡಿಸಬೇಕು.

ಅಂಗಡಿಯಲ್ಲಿ ‘ಇದು 710, ನೀರಿಗೆ ಏನೂ ಆಗೋದಿಲ್ಲ’ ಎಂದು ಹೇಳಿ ಬಾಗಿಲು ಮಾರುವುದನ್ನು ಕೇಳಿದ್ದೇನೆ. ಐಎಸ್ (ಭಾರತೀಯ ಮಾನಕ) 710 ಎಂಬುದು ನೀರು ತಡೆದುಕೊಳ್ಳುವ ಮರೈನ್ ಪ್ಲೈವುಡ್ಡಿನ ಮಾನಕ, ಬಾಗಿಲಿನದಲ್ಲ. ಒಳಗೆ ಮರದ ಪಟ್ಟಿ ತುಂಬಿದ ಫ್ಲಶ್ ಬಾಗಿಲಿಗೆ ಇರುವುದು ಐಎಸ್ 2202. ಕೊಳ್ಳುವವರು ಐಎಸ್ಐ ಗುರುತಿನ ಜೊತೆಗೆ ಈ ಸಂಖ್ಯೆಯನ್ನೇ ಹುಡುಕಬೇಕು, ಕದವನ್ನು ಎತ್ತಿ ತೂಕ ನೋಡಬೇಕು, ಬೆರಳಿನಿಂದ ಅಲ್ಲಲ್ಲಿ ಬಡಿದು ಪೊಳ್ಳು ಸದ್ದು ಬರುತ್ತದೆಯೇ ಎಂದು ಕೇಳಿಸಿಕೊಳ್ಳಬೇಕು. ಒಳಗೆ ಪೊಳ್ಳಾಗಿರುವ ಕದದಲ್ಲಿ ಬಿಜಾಗರಿಯ ಸ್ಕ್ರೂ ಹಿಡಿಯುವುದಿಲ್ಲ. ಏಳು ಅಡಿಯ ಬಾಗಿಲಿಗೆ ಮೂರು ಬಿಜಾಗರಿಗಳು ಬೇಕು, ಬಚ್ಚಲಿಗಾದರೆ ಅವು ತುಕ್ಕು ಹಿಡಿಯದ ಉಕ್ಕಿನವಾಗಿರಬೇಕು.

ಹೆಬ್ಬಾಗಿಲಿನ ಬಗ್ಗೆ ಹೇಳುವವರು ಬಹಳ ಜನರಿರುವುದರಿಂದ ಎರಡೇ ಮಾತು ಹೇಳುತ್ತೇನೆ. ತೇಗವೆಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಎಳೆಯ ಮರದಲ್ಲಿ ಚೇಗು, ಅಂದರೆ ನಡುವಿನ ಗಟ್ಟಿ ಭಾಗ, ಕಡಿಮೆ, ಹೊರಗಿನ ಬಿಳಿಯ ಭಾಗ ಹೆಚ್ಚು, ಗೆದ್ದಲೂ ಕುಟ್ಟೆಯೂ ಹಿಡಿಯುವುದು ಆ ಬಿಳಿಯ ಭಾಗವನ್ನು. ಪಾಲಿಶ್ ಆದ ಮೇಲೆ ಎರಡೂ ಒಂದೇ ಬಣ್ಣಕ್ಕೆ ಬರುವುದರಿಂದ ಹಲಗೆಯನ್ನು ಅದಕ್ಕೆ ಮೊದಲೇ ನೋಡಬೇಕು. ಹಾಗೆಯೇ ಮುಂಗಾರಿನ ಗಾಳಿ ಪಶ್ಚಿಮದಿಂದ ಮಳೆಯನ್ನು ಓರೆಯಾಗಿ ಹೊಡೆಯುವ ನಮ್ಮಂಥ ಊರುಗಳಲ್ಲಿ ಆ ದಿಕ್ಕಿಗಿರುವ ಬಾಗಿಲನ್ನು ಕಾಯುವುದು ಪಾಲಿಶ್ ಅಲ್ಲ, ಅದರ ಮುಂದೆ ಚಾಚಿದ ಮಾಡು.

ನಮ್ಮ ಬಚ್ಚಲಿಗೆ ಈಗ ಗ್ರಾನೈಟಿನ ಬಾಗಿಲುವಾಡ, ಹೊರಕ್ಕೆ ತೆರೆಯುವ ಡಬ್ಲ್ಯುಪಿಸಿ (ಮರದ ಪುಡಿ ಮತ್ತು ಪ್ಲಾಸ್ಟಿಕ್ ಬೆರೆಸಿ ಮಾಡಿದ) ಕದ ಬಂದಿವೆ. ಹೊರ ಅಳತೆ 39 ಇಂಚು. ಇದಕ್ಕಾಗಿ ಗೋಡೆ ಒಡೆದು, ಟೈಲ್ಸ್ ಕಿತ್ತು, ದೂಳು ತಾಳಲಾರದೆ ಅಮ್ಮನನ್ನು ಹತ್ತು ದಿನ ತಮ್ಮನ ಮನೆಯಲ್ಲಿ ಇರಿಸಬೇಕಾಯಿತು. ಗೋಡೆ ಏಳುವಾಗಲೇ ಒಂಬತ್ತು ಇಂಚು ಹೆಚ್ಚು ಬಿಟ್ಟಿದ್ದರೆ ಹೆಚ್ಚಿನ ಖರ್ಚೇ ಇರಲಿಲ್ಲ, ಅಷ್ಟು ಇಟ್ಟಿಗೆ ಉಳಿಯುತ್ತಿತ್ತು.

ಆದ್ದರಿಂದ ನಕಾಶೆ ಬರೆಯುವ ಎಂಜಿನಿಯರುಗಳು ಡಿ2 ಎಂಬಲ್ಲಿ ಎರಡೂವರೆ ಅಡಿ ಎಂದು ರೂಢಿಯಂತೆ ಬರೆಯುವ ಮುನ್ನ ಮನೆಯವರನ್ನು ಒಂದು ಮಾತು ಕೇಳಬೇಕೆಂದೂ, ನಕಾಶೆಗೆ ಒಪ್ಪಿಗೆ ನೀಡುವ ಗ್ರಾಮ ಪಂಚಾಯಿತಿ ಮತ್ತು ಪಟ್ಟಣ ಪಂಚಾಯಿತಿಗಳು ಕನಿಷ್ಠ ಒಂದು ಬಚ್ಚಲಿನ ಬಾಗಿಲಾದರೂ ಮೂರು ಅಡಿಗೆ ಕಡಿಮೆಯಾಗದೆ ಹೊರಕ್ಕೆ ತೆರೆಯುವಂತಿರಲಿ ಎಂದು ಅರ್ಜಿದಾರರಿಗೆ ಸೂಚಿಸಬೇಕೆಂದೂ ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ. ಈ ಸಲ ದೀಪಾವಳಿಯ ನಂತರ ಬಾಗಿಲುವಾಡ ನಿಲ್ಲಿಸಲಿರುವವರಿಗೆ ಅಳತೆ ಬದಲಿಸಲು ಇನ್ನೂ ಸಮಯವಿದೆ.

ಇಂತಿ,
ನಿವೃತ್ತ ಶಿಕ್ಷಕ, ತೀರ್ಥಹಳ್ಳಿ ತಾಲ್ಲೂಕು