ಪೊಕೆಮಾನ್ ಆಟಕ್ಕೆ ಗಾಳದ ಕೋಲು ಮರಳಿ ಬರಲಿ

ಮಾನ್ಯ ಸಂಪಾದಕರೇ,

ವಿಡಿಯೊ ಗೇಮ್‌ಗಳ ಕುರಿತು ಪತ್ರಿಕೆಗಳಲ್ಲಿ ಬರುವ ಬರಹಗಳು ಬಹುಮಟ್ಟಿಗೆ ಗ್ರಾಫಿಕ್ಸ್ ಎಷ್ಟು ಸುಧಾರಿಸಿತು, ಎಷ್ಟು ಪ್ರತಿಗಳು ಮಾರಾಟವಾದವು, ಮಕ್ಕಳು ಎಷ್ಟು ಹೊತ್ತು ಪರದೆಯ ಮುಂದೆ ಕೂರುತ್ತಾರೆ ಎಂಬ ಪ್ರಶ್ನೆಗಳ ಸುತ್ತಲೇ ಸುತ್ತುತ್ತವೆ. ಆಟದೊಳಗಿನ ಒಂದು ಸಣ್ಣ ಸಲಕರಣೆಯನ್ನು ತೆಗೆದುಹಾಕಿದರೆ ಆಟವೇ ಎಷ್ಟು ಬದಲಾಗುತ್ತದೆ ಎಂದು ಕೇಳುವವರು ಕಡಿಮೆ. ಪೊಕೆಮಾನ್ ಎಂಬ ಕಾಲ್ಪನಿಕ ಜೀವಿಗಳನ್ನು ಹಿಡಿದು, ಸಾಕಿ, ಕಾದಾಡಿಸುವ ಪೊಕೆಮಾನ್ ಸರಣಿಯಲ್ಲಿ, ನೀರಿನ ಜೀವಿಗಳನ್ನು ಹಿಡಿಯುವ ಗಾಳದ ಕೋಲು ಅಂಥದೊಂದು ಸಲಕರಣೆ. 1996ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ‘ರೆಡ್’ ಮತ್ತು ‘ಗ್ರೀನ್’ ಆಟಗಳಿಂದಲೂ ಜೊತೆಗಿದ್ದ ಅದು, 2022ರಲ್ಲಿ ಬಂದ ‘ಲೆಜೆಂಡ್ಸ್: ಆರ್ಸಿಯಸ್’ನಲ್ಲಿ ಇಲ್ಲ, ಅದೇ ವರ್ಷದ ‘ಸ್ಕಾರ್ಲೆಟ್’ ಮತ್ತು ‘ವಯೊಲೆಟ್’ನಲ್ಲೂ ಇಲ್ಲ. ಇದರಿಂದ ಆಟಕ್ಕೆ ನಷ್ಟವೇ ಆಗಿದೆ ಎಂಬುದು ನನ್ನ ಅಭಿಪ್ರಾಯ.

ಮೊದಲ ಆಟದಲ್ಲಿ ಗಾಳದ ಕೋಲುಗಳು ಮೂರಿದ್ದವು. ವರ್ಮಿಲಿಯನ್ ಸಿಟಿಯ ಒಂದು ಮನೆಯಲ್ಲಿರುವ ಮೀನುಗಾರ ಗುರು, ನಿನಗೆ ಮೀನು ಹಿಡಿಯುವುದು ಇಷ್ಟವೇ ಎಂದು ಕೇಳಿ, ಹೌದು ಎಂದವರಿಗೆ ಓಲ್ಡ್ ರಾಡ್ ಅನ್ನು ಬಿಟ್ಟಿಯಾಗಿ ಕೊಡುತ್ತಾನೆ. ಫ್ಯೂಷಿಯಾ ಸಿಟಿಯಲ್ಲಿರುವ ಅವನ ಸಹೋದರನಿಂದ ಗುಡ್ ರಾಡ್, ರೂಟ್ 12ರಲ್ಲಿರುವ ಇನ್ನೊಬ್ಬ ಸಹೋದರನಿಂದ ಸೂಪರ್ ರಾಡ್ ಸಿಗುತ್ತದೆ. ಓಲ್ಡ್ ರಾಡ್‌ಗೆ ಕಚ್ಚುವುದು ಒಂದೇ ಜೀವಿ: ಐದನೇ ಲೆವೆಲ್‌ನ ಮ್ಯಾಜಿಕಾರ್ಪ್. ಯಾವ ಕೊಳದಲ್ಲಿ, ಯಾವ ಕಡಲಿನಲ್ಲಿ ಗಾಳ ಇಳಿಸಿದರೂ ಅದೇ. ಗುಡ್ ರಾಡ್‌ಗೆ ಹತ್ತನೇ ಲೆವೆಲ್‌ನ ಗೋಲ್ಡೀನ್ ಮತ್ತು ಪೋಲಿವ್ಯಾಗ್ ಬೀಳುತ್ತವೆ. ಸೂಪರ್ ರಾಡ್ ಕೈಗೆ ಬಂದ ಮೇಲಷ್ಟೇ ಒಂದೊಂದು ಊರಿನ ನೀರಿಗೂ ಒಂದೊಂದು ಗುಣವಿದೆ ಎಂಬುದು ತಿಳಿಯುತ್ತದೆ; ಸಫಾರಿ ಜೋನ್‌ನ ನೀರಿನಿಂದ ಡ್ರಾಟಿನಿ ಎಂಬ ಅಪರೂಪದ ಜೀವಿ ಮೇಲೆ ಬರುವುದು ಆ ಕೋಲಿಗೇ.

ಇಲ್ಲಿ ನನಗೆ ಅತ್ಯಂತ ಜಾಣತನದ್ದೆಂದು ಕಾಣುವುದು ಮೊದಲನೆಯ, ಎಲ್ಲಕ್ಕಿಂತ ಕಳಪೆಯಾದ ಕೋಲು. ಮ್ಯಾಜಿಕಾರ್ಪ್ ನೀರಿನಲ್ಲಿ ಸುಮ್ಮನೆ ಕುಪ್ಪಳಿಸುವುದನ್ನು ಬಿಟ್ಟರೆ ಬೇರೇನನ್ನೂ ತಿಳಿಯದ ಪ್ರಾಣಿ. ಹದಿನೈದನೇ ಲೆವೆಲ್‌ನಲ್ಲಿ ಅದು ಒಂದು ಸಾಧಾರಣ ಡಿಕ್ಕಿಯನ್ನು ಕಲಿಯುತ್ತದೆ. ಇಪ್ಪತ್ತನೇ ಲೆವೆಲ್‌ನಲ್ಲಿ ಗ್ಯಾರಡೋಸ್ ಆಗಿ ಬದಲಾಗಿ ಎದುರಾಳಿಗಳನ್ನು ನಡುಗಿಸುತ್ತದೆ. ಹೀಗಾಗಿ, ಆಟ ನಿಮ್ಮ ಕೈಗೆ ಕೆಲಸಕ್ಕೆ ಬಾರದ ಕೋಲೊಂದನ್ನು ಕೊಟ್ಟು ಕೆಲಸಕ್ಕೆ ಬಾರದ ಮೀನೊಂದನ್ನು ಹಿಡಿಸುವಂತೆ ಕಂಡರೂ, ಅದನ್ನು ಸಾಕುವಷ್ಟು ತಾಳ್ಮೆಯಿದ್ದವರಿಗೆ ಅದು ಕೊಟ್ಟದ್ದು ತಂಡದ ಅತಿ ಬಲಶಾಲಿಗಳಲ್ಲಿ ಒಂದನ್ನು. (ಇದೇ ಮ್ಯಾಜಿಕಾರ್ಪ್ ಅನ್ನು ಮೌಂಟ್ ಮೂನ್ ಹತ್ತಿರದ ಪೊಕೆಮಾನ್ ಸೆಂಟರ್‌ನಲ್ಲಿ ಒಬ್ಬ ವ್ಯಾಪಾರಿ ಆಟದ ಹಣದಲ್ಲಿ 500ಕ್ಕೆ ಮಾರುತ್ತಾನೆ. ಮುಂದೆ ಅದೇ ಮೀನು ಪುಕ್ಕಟೆ ಕೋಲಿಗೆ ಬೇಕಾದಷ್ಟು ಸಿಗುವುದನ್ನು ಕಂಡು ಕೊಂಡವರ ಮುಖ ಏನಾಗಬೇಕು!)

2002ರ ‘ರೂಬಿ’ ಮತ್ತು ‘ಸಫೈರ್’ ಆಟಗಳು ಈ ವಿಚಾರವನ್ನು ಇನ್ನೂ ಆಳಕ್ಕೆ ಒಯ್ದವು. ರೂಟ್ 119ರ ಉದ್ದನೆಯ ಹೊಳೆಯಲ್ಲಿ ಗಾಳ ಹಾಕಬಹುದಾದ ನೂರಾರು ಚೌಕಗಳಿವೆ. ಅವುಗಳ ಪೈಕಿ ಫೀಬಾಸ್ ಎಂಬ ಬಡಕಲು ಮೀನು ಇರುವುದು ಆರರಲ್ಲಿ ಮಾತ್ರ, ಆ ಆರು ಯಾವುವೆಂದು ಹೊರಗಿನಿಂದ ಗುರುತಿಸಲು ಯಾವ ಚಿಹ್ನೆಯೂ ಇಲ್ಲ. ಸರಿಯಾದ ಚೌಕ ಸಿಕ್ಕಿದರೆ, ಕಚ್ಚಿದ್ದರಲ್ಲಿ ಸುಮಾರು ಅರ್ಧ ಫೀಬಾಸ್ ಆಗಿರುತ್ತದೆ. ಡ್ಯೂಫರ್ಡ್ ಎಂಬ ದ್ವೀಪದ ಊರಿನಲ್ಲಿ ಜನರ ಬಾಯಲ್ಲಿ ಓಡಾಡುವ ಹೊಸ ಮಾತು ಬದಲಾದರೆ ಈ ಚೌಕಗಳೂ ಬದಲಾಗುತ್ತವೆ. ಆ ಆಟದಲ್ಲಿ ಓಲ್ಡ್ ರಾಡ್ ಸಿಗುವುದೂ ಅದೇ ಊರಿನಲ್ಲಿ. ಇಷ್ಟು ಕಷ್ಟಪಟ್ಟು ಹುಡುಕಬೇಕಾದ ಈ ಮೀನನ್ನು ಹಿಡಿಯಲು ಮೂರರಲ್ಲಿ ಯಾವ ಕೋಲಾದರೂ ಸಾಕು, ಓಲ್ಡ್ ರಾಡ್ ಕೂಡ. ಫೀಬಾಸ್‌ನ ಸೌಂದರ್ಯವನ್ನು ತಿನಿಸುಗಳಿಂದ ಬೆಳೆಸಿದವರಿಗೆ ಅದು ಮುಂದೆ ಮೈಲೋಟಿಕ್ ಎಂಬ ಸುಂದರ ಜೀವಿಯಾಗಿ ಬದಲಾಗುತ್ತದೆ. ದುಬಾರಿ ಸಲಕರಣೆ ಇದ್ದವನೇ ಗೆಲ್ಲುತ್ತಾನೆ ಎಂಬ ಸಾಮಾನ್ಯ ಲೆಕ್ಕಾಚಾರವನ್ನು ವಿಡಿಯೊ ಗೇಮ್ ಒಂದು ಇಷ್ಟು ಸಲೀಸಾಗಿ ತಲೆಕೆಳಗು ಮಾಡಿದ ಉದಾಹರಣೆಗಳು ಹೆಚ್ಚಿಲ್ಲ.

ಕೋಲಿನ ಅವನತಿ 2022ರಲ್ಲಿ ಏಕಾಏಕಿ ಆದದ್ದಲ್ಲ. 2010ರ ‘ಬ್ಲ್ಯಾಕ್’ ಮತ್ತು ‘ವೈಟ್’ನಲ್ಲಿ ಸೂಪರ್ ರಾಡ್ ಒಂದನ್ನೇ ಉಳಿಸಿಕೊಂಡು, ಅದನ್ನೂ ಮುಖ್ಯ ಕಥೆ ಮುಗಿದ ಮೇಲೆ ಕೊಡುವ ವಸ್ತುವಾಗಿಸಿದರು. 2013ರ ‘ಎಕ್ಸ್’ ಮತ್ತು ‘ವೈ’ ಮೂರೂ ಕೋಲುಗಳನ್ನು ಮರಳಿ ತಂದದ್ದಲ್ಲದೆ, ಒಂದೇ ಜಾಗದಲ್ಲಿ ನಿಂತು ತಪ್ಪದೆ ಮೀನು ಹಿಡಿಯುತ್ತ ಹೋದಂತೆ ಅಪರೂಪದ ಬಣ್ಣದ ಪೊಕೆಮಾನ್ ಸಿಗುವ ಸಾಧ್ಯತೆ ಏರುವ ವ್ಯವಸ್ಥೆಯನ್ನೂ ಸೇರಿಸಿದವು. ಸಾಮಾನ್ಯವಾಗಿ 4096ಕ್ಕೆ ಒಂದು ಎಂಬಂತಿದ್ದ ಅವಕಾಶ ತಾಳ್ಮೆಯಿಂದ ನಿಂತವರಿಗೆ ಗಣನೀಯವಾಗಿ ಹೆಚ್ಚುತ್ತಿತ್ತು. ನನ್ನ ದೃಷ್ಟಿಯಲ್ಲಿ ಗಾಳದ ಕೋಲಿಗೆ ಸಿಕ್ಕ ಕೊನೆಯ ನಿಜವಾದ ಗೌರವ ಅದು. 2016ರ ‘ಸನ್’ ಮತ್ತು ‘ಮೂನ್’ನಲ್ಲಿ ಹಾಗೂ 2019ರ ‘ಸ್ವೋರ್ಡ್’ ಮತ್ತು ‘ಶೀಲ್ಡ್’ನಲ್ಲಿ ದರ್ಜೆಗಳಿಲ್ಲದ ಒಂದೇ ಕೋಲು ಉಳಿಯಿತು. ಎಲ್ಲಿ ಬೇಕೆಂದರಲ್ಲಿ ಗಾಳ ಹಾಕುವ ಸ್ವಾತಂತ್ರ್ಯವೂ ಹೋಗಿ, ಆಟವೇ ಮೊದಲೇ ಗುರುತು ಮಾಡಿಟ್ಟ ಜಾಗಗಳಲ್ಲಿ ಮಾತ್ರ ಮೀನು ಹಿಡಿಯುವಂತಾಯಿತು. 2021ರಲ್ಲಿ ಮೂರೂ ಕೋಲುಗಳು ಮತ್ತೆ ಕಾಣಿಸಿಕೊಂಡದ್ದು 2006ರ ಆಟದ ಮರುರೂಪದಲ್ಲಿ, ಹಳೆಯದನ್ನು ಇದ್ದಂತೆ ಉಳಿಸಿಕೊಳ್ಳುವ ಉದ್ದೇಶದಿಂದ.

ಮೊದಲ ಆಟಗಳಲ್ಲಿ ಆ ಸ್ವಾತಂತ್ರ್ಯ ಎಷ್ಟಿತ್ತೆಂದರೆ, ಪ್ರೋಗ್ರಾಮಿನ ಒಂದು ದೋಷದಿಂದಾಗಿ ಜಿಮ್ ಎಂಬ ಕಾದಾಟದ ಕಟ್ಟಡಗಳೊಳಗಿನ ಕಲ್ಲಿನ ಪ್ರತಿಮೆಗಳಿಗೂ ಗಾಳ ಹಾಕಬಹುದಾಗಿತ್ತು. ಅದನ್ನು ಸರಿಪಡಿಸಿದ್ದಕ್ಕೆ ನನ್ನ ತಕರಾರೇನೂ ಇಲ್ಲ.

ಕೋಲನ್ನು ಕೈಬಿಟ್ಟದ್ದಕ್ಕೆ ಸಮರ್ಥನೆ ಇಲ್ಲದಿಲ್ಲ. ಹೊಸ ಆಟಗಳಲ್ಲಿ ಪೊಕೆಮಾನ್‌ಗಳು ಹುಲ್ಲಿನಲ್ಲಿ, ಆಕಾಶದಲ್ಲಿ, ನೀರಿನ ಮೇಲೆ ಎಲ್ಲರ ಕಣ್ಣಿಗೆ ಬೀಳುವಂತೆ ಓಡಾಡುತ್ತವೆ. ಕಂಡದ್ದನ್ನು ಬೆನ್ನಟ್ಟಿ ಹಿಡಿಯಬಹುದಾದಾಗ, ಬ್ಯಾಗಿನಿಂದ ಕೋಲು ತೆಗೆದು, ಆಶ್ಚರ್ಯಸೂಚಕ ಚಿಹ್ನೆ ಮೂಡುವವರೆಗೆ ಕಾದು, ಬಟನ್ ಒತ್ತುವುದು ತಡವಾಗಿ ಬರಿಗೈಯಲ್ಲಿ ಮರಳುವ ಗೋಜು ಏಕೆ ಎಂದು ಯಾರಾದರೂ ಕೇಳಬಹುದು. ಈ ಬದಲಾವಣೆಯಿಂದ ಆಟದ ಲೋಕಕ್ಕೆ ಜೀವಕಳೆ ಬಂದಿರುವುದನ್ನು ನಾನೂ ಒಪ್ಪುತ್ತೇನೆ. ಆದರೆ ಎಲ್ಲ ಜೀವಿಗಳೂ ಮೇಲ್ಮೈಯಲ್ಲೇ ಕಾಣುವಂತಾದಾಗ ಕೆರೆ, ಹೊಳೆ, ಕಡಲುಗಳ ಅಡಿಯಲ್ಲಿ ಏನಿರಬಹುದು ಎಂಬ ಊಹೆಗೆ ಆಟದಲ್ಲಿ ಜಾಗವೇ ಉಳಿಯುವುದಿಲ್ಲ. ಹುಲ್ಲಿನಲ್ಲಿ ಅಡಗಿದ್ದ ಜೀವಿ ಹಿಂದೆಲ್ಲ ನಾವು ನಡೆದುಹೋಗುವಾಗ ತಾನಾಗಿ ಎದುರಾಗುತ್ತಿತ್ತು. ನೀರಿನ ತಳದಲ್ಲಿದ್ದದ್ದನ್ನು ಮಾತ್ರ ನಾವೇ ನಿಂತು, ಬೇಕೆಂದೇ ಕೇಳಬೇಕಾಗಿತ್ತು. ಆಟಗಾರನನ್ನು ಓಟದಿಂದ ನಿಲ್ಲಿಸಿ ಒಂದು ದಡದಲ್ಲಿ ನೆಲೆಗೊಳಿಸುತ್ತಿದ್ದ ಸಲಕರಣೆ ಅದೊಂದೇ. ಸರಣಿಯ ಮೂಲಕರ್ತ ಸತೋಶಿ ತಾಜಿರಿ ಬಾಲ್ಯದಲ್ಲಿ ಕೀಟಗಳನ್ನು ಹುಡುಕಿ ಸಂಗ್ರಹಿಸುತ್ತಿದ್ದ ಹವ್ಯಾಸವೇ ಈ ಆಟದ ಬೀಜ ಎಂಬುದು ಎಲ್ಲರೂ ಬಲ್ಲ ಸಂಗತಿ. ಕಲ್ಲು ಮಗುಚಿ ನೋಡುವ ಆ ಕುತೂಹಲಕ್ಕೆ ಗಾಳದ ಕೋಲಿಗಿಂತ ಹತ್ತಿರದ ವಸ್ತು ಆಟದೊಳಗೆ ಬೇರೊಂದಿರಲಿಲ್ಲ.

ಹಾಗೆಂದು ಹಳೆಯದನ್ನೆಲ್ಲ ಇದ್ದಂತೆಯೇ ಮರಳಿಸಬೇಕೆಂದು ನಾನು ಹೇಳುತ್ತಿಲ್ಲ. ಮೇಲೆ ತೇಲುವ ಪೊಕೆಮಾನ್‌ಗಳು ಈಗಿರುವಂತೆಯೇ ಕಾಣಿಸಿಕೊಳ್ಳಲಿ. ಅವುಗಳ ಜೊತೆಗೆ, ಗಾಳಕ್ಕಲ್ಲದೆ ಬೇರೆ ಯಾವುದಕ್ಕೂ ಸಿಗದ ಕೆಲವು ಜೀವಿಗಳು ತಳದಲ್ಲಿರಲಿ, ಗುರುತು ಹಾಕಿದ ಜಾಗಗಳ ನಿರ್ಬಂಧವಿಲ್ಲದೆ ಯಾವ ದಡದಿಂದಲಾದರೂ ಗಾಳ ಹಾಕುವಂತಿರಲಿ. ಕೋಲುಗಳು ಮೂರೇ ಇರಲಿ, ಮೂರನ್ನೂ ಬೇರೆ ಬೇರೆ ಊರಿನ ಮೀನುಗಾರರೇ ಕೈಯಾರೆ ಕೊಡಲಿ. ಓಲ್ಡ್ ರಾಡ್ ಆಟದ ಆರಂಭದಲ್ಲೇ ಸಿಗಬೇಕು, ಅದಕ್ಕೆ ಮ್ಯಾಜಿಕಾರ್ಪ್ ಅಲ್ಲದೆ ಬೇರೇನೂ ಬೀಳಬಾರದು. ಈ ಒಂದು ವಿಷಯದಲ್ಲಿ ಮಾತ್ರ ನಾನು ರಾಜಿಗೆ ಸಿದ್ಧನಿಲ್ಲ.

ಇಂತಿ,
ನಿಮ್ಮ ಪತ್ರಿಕೆಯ ಓದುಗ