ಟೈಟಲ್ ಯಾಕೆ ತಡ: ಗೆಳೆಯನಿಗೊಂದು ಪತ್ರ

ಪ್ರೀತಿಯ ಮಾರಾಯ,

ವಿಡಿಯೋ ನೋಡಿ ನೀನು ಹಾಕಿದ ಉತ್ತರ ಒಂದೇ ಸಾಲು: "ಲಾಯ್ಕ ಉಂಟು, ಆದ್ರೆ ಟೈಟಲ್ ಯಾಕೆ ಅಷ್ಟು ತಡ?" ಫೋನ್ ಮಾಡಿ ಹೇಳಿ ಮುಗಿಸಬಹುದಿತ್ತು. ಆದರೆ ಹೇಳಲು ಹೊರಟರೆ ಉದ್ದ ಆಗುತ್ತದೆ, ಮತ್ತೆ ನಮ್ಮ ಶಾಲೆಯ ಉಳಿದವರೂ ಇದನ್ನೇ ಕೇಳಿದ್ದಾರೆ. ಹಾಗಾಗಿ ಎಲ್ಲರೂ ಓದುವಲ್ಲೇ ಬರೆಯುತ್ತಿದ್ದೇನೆ. ಹೆದರಬೇಡ, ಛತ್ರಿಯ ವಿಷಯ ಎತ್ತುವುದಿಲ್ಲ.

ಸಂಗತಿ ಗೊತ್ತಿಲ್ಲದವರಿಗಾಗಿ ಎರಡು ಮಾತು. ನಮ್ಮ ಕೋರ್ಸಿನಲ್ಲಿ ಪೂರ್ತಿ ಸಿನಿಮಾ ಮಾಡಲು ಹೇಳಿರಲಿಲ್ಲ. ಇನ್ನೂ ಇಲ್ಲದ ಒಂದು ಸಿನಿಮಾದ ಆರಂಭ ಮಾತ್ರ ಮಾಡಿ ತರಬೇಕು. ಟೈಟಲ್ ಸಮೇತ ಎರಡು ನಿಮಿಷ. ಇದು ಯಾವ ಊರು, ಯಾವ ಕಾಲ, ಯಾರ ಕಥೆ, ಮುಂದೆ ನೋಡಬೇಕು ಅಂತ ಯಾಕೆ ಅನ್ನಿಸಬೇಕು, ಇಷ್ಟೂ ಅಷ್ಟರಲ್ಲಿ ತಿಳಿಯಬೇಕು. ನೋಡುವವನನ್ನು ಚಾವಡಿಯಲ್ಲಿ ಕೂರಿಸಿ ಬೆಲ್ಲ ನೀರು ಕೊಡುವುದಾ, ಹಿಂದಿನ ಬಾಗಿಲಿನಿಂದ ಸೀದಾ ಅಡಿಗೆಮನೆಗೆ ಕರೆಯುವುದಾ, ಅದು ಅಲ್ಲಿಯೇ ನಿರ್ಧಾರ ಆಗುವುದು. ಉಳಿದ ಎರಡು ಗಂಟೆ ಅವನು ಕೂತಲ್ಲಿಂದಲೇ ನೋಡುತ್ತಾನೆ.

ಹಣ ಇರಲಿಲ್ಲ. ಇದ್ದದ್ದು ತೋಟ. ಸೌಂಡ್ ಮಾಡುವವರು ಮೈಕ್ ಕಟ್ಟಲು ಹಿಡಿಯುವ ಬೂಮ್ ಕೋಲು ಕಾರ್ಬನ್ ಫೈಬರಿನದ್ದು, ಹಗುರ, ಕೈ ಸೋಲುವುದಿಲ್ಲ. ನಮ್ಮಲ್ಲಿ ಅಡಿಕೆ ಕೊಯ್ಯಲಿಕ್ಕೆ, ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡಲಿಕ್ಕೆ ಅಪ್ಪ ತಂದ ದೋಟಿಯೂ ಕಾರ್ಬನ್ ಫೈಬರಿನದ್ದೇ ಅಲ್ವಾ! ಅದರ ತುದಿಯ ಸಪೂರ ತುಂಡು ಬಿಚ್ಚಿಕೊಂಡು, ಕಾಲರಿಗೆ ಸಿಕ್ಕಿಸುವ ಸಣ್ಣ ಮೈಕನ್ನು ಕಟ್ಟಿದೆವು. ಗಾಳಿಯ ಬುಸುಬುಸು ತಡೆಯಲು ತಂಗಿಯ ಹಳೆ ಕರಡಿ ಗೊಂಬೆಯ ರೋಮದ ಒಂದು ತುಂಡು ಮೈಕಿಗೆ ಸುತ್ತಿದೆವು. ಚಾವಡಿಯ ಟ್ಯೂಬ್‌ಲೈಟಿನಿಂದ ಫೋನಿನಲ್ಲಿ ಕಪ್ಪು ಪಟ್ಟೆ ಓಡುತ್ತಿತ್ತು. ನಮ್ಮ ಕರೆಂಟು 50 ಹರ್ಟ್ಸ್, ಶಟರ್ ವೇಗವನ್ನು 1/50 ಸೆಕೆಂಡಿಗೆ ಇಟ್ಟ ಕೂಡಲೇ ಅದು ನಿಂತಿತು. ಇನ್ನು ಕ್ಯಾಮರಾ ನೆಲದ ಮಟ್ಟದಲ್ಲಿ ಜಾರಿಕೊಂಡು ಹೋಗುವ ಆ ಶಾಟ್, ಎಲ್ಲರೂ "ಹೇಗೆ ತೆಗೆದಿರಿ" ಅಂತ ಕೇಳುವುದು. ನೀನಾದರೂ ಕಂಡುಹಿಡಿಯುತ್ತಿ ಅಂದುಕೊಂಡಿದ್ದೆ. ಹಾಳೆ ಮಾರಾಯ! ಕ್ಯಾಮರಾ ಹಿಡಿದವ ಅಡಿಕೆ ಹಾಳೆಯ ಮೇಲೆ ಕೂತ, ಇಬ್ಬರು ಸೋಗೆ ಹಿಡಿದು ಎಳೆದರು. ಒಣಗಿದ ಹಾಳೆ ಸಿಮೆಂಟಿನ ಅಂಗಳದಲ್ಲಿ ಕರಕರ ಅನ್ನುತ್ತದೆ, ಹಾಗಾಗಿ ಆ ಶಾಟಿನ ಶಬ್ದ ತೆಗೆದು ಬೇರೆ ಹಾಕಿದ್ದೇವೆ. ಚಲನೆ ಮಾತ್ರ ಬೆಣ್ಣೆ.

ಈಗ ಟೈಟಲಿನ ವಿಷಯ.

ಮೊದಲು ಬರೆದುಕೊಂಡ ಆರಂಭ ಬೇರೆಯೇ ಇತ್ತು. ಚಂದ್ರಗಿರಿ ಹೊಳೆ, ಸೇತುವೆಯ ಮೇಲೆ ಬೆಳಗ್ಗಿನ ರೈಲು. ಆಮೇಲೆ ಬಸ್‌ಸ್ಟ್ಯಾಂಡಿನ ಬೋರ್ಡುಗಳು, ಒಂದರ ಕೆಳಗೆ ಒಂದು ಭಾಷೆ. ಹಿನ್ನೆಲೆಯಲ್ಲಿ ನನ್ನ ದನಿ: 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು, ಚಂದ್ರಗಿರಿಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು 1967ರಲ್ಲಿ ಗಡಿ ವಿವಾದದ ಮಹಾಜನ್ ಆಯೋಗ ಹೇಳಿತು, ಆದರೆ ಅದು ಜಾರಿಯಾಗಲಿಲ್ಲ, 1984ರ ಮೇ 24ಕ್ಕೆ ಜಿಲ್ಲೆಯಾಯಿತು. ಕೊನೆಗೆ "ಸಪ್ತಭಾಷಾ ಸಂಗಮ ಭೂಮಿ", ನಮ್ಮ ಊರಿನ ಯಾವ ಸಭೆಯ ಸ್ವಾಗತ ಭಾಷಣವೂ ಬಿಡದ ಮಾತು. ಅಲ್ಲಿಗೆ ಟೈಟಲ್. ಅಷ್ಟನ್ನೂ ತೆಗೆದದ್ದೂ ಆಗಿತ್ತು. ಸೇತುವೆಯ ಶಾಟ್ ನನಗೆ ಈಗಲೂ ಇಷ್ಟ, ಸಿನಿಮಾ ಮುಂದುವರಿದರೆ ಎಲ್ಲಿಯಾದರೂ ಬಂದೇ ಬರುತ್ತದೆ.

ಆಮೇಲೆ ಅಜ್ಜಿಯ ಶಾಟಿಗೆ ಬಂದೆವು. ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ, ಮೆಟ್ಟಿಲಿನಲ್ಲಿ ಅಜ್ಜಿ, ಮೊಮ್ಮಗನನ್ನು ಕರೆಯಬೇಕು. ಮಳೆ ಬರುವ ಹಾಗಿದೆ, ಅಡಿಕೆ ಒಳಗೆ ಹಾಕು ಅನ್ನಬೇಕು, ಅಷ್ಟೇ. ಅವಳು ವರ್ಷಾನುಗಟ್ಟಲೆ ದಿನಾ ಆಡಿದ ಮಾತು. ಮೈಕ್ ತಲೆಯ ಮೇಲೆ ಬಂದದ್ದೇ ತಡ, ಅಜ್ಜಿ ಸೆರಗು ಸರಿಮಾಡಿಕೊಂಡಳು, ಬೆನ್ನು ನೆಟ್ಟಗಾಯಿತು. "ಮಗನೇ, ಮಳೆ ಬರುವಂತೆ ಕಾಣುತ್ತಿದೆ. ಅಂಗಳದಲ್ಲಿರುವ ಅಡಿಕೆಯನ್ನು ಒಳಗೆ ತೆಗೆದು ಹಾಕು." ಆಕಾಶವಾಣಿಯ ವಾರ್ತೆಯ ಹಾಗೆ, ಒಂದು ಅಕ್ಷರ ತಪ್ಪಿಲ್ಲ. "ಅಜ್ಜಿ, ಮನೆಯಲ್ಲಿ ಮಾತಾಡುವ ಹಾಗೆ" ಅಂದೆ. ತಲೆಯಾಡಿಸಿ ಮತ್ತೆ ಅದನ್ನೇ, ಇನ್ನೂ ನಿಧಾನವಾಗಿ, ಇನ್ನೂ ಚಂದ ಮಾಡಿ ಹೇಳಿದಳು.

ನಾನು ಬಿಟ್ಟುಬಿಟ್ಟೆ. ಜಾಗದ ಮೌನ ರೆಕಾರ್ಡ್ ಮಾಡುವ ಕೆಲಸ ಬಾಕಿ ಇತ್ತು. ಇದೂ ನೀನು ತಿಳಿದಿರಬೇಕಾದ್ದು: ಯಾರೂ ಮಾತಾಡದೆ ನಿಂತರೂ ಒಂದೊಂದು ಜಾಗಕ್ಕೆ ಒಂದೊಂದು ದನಿ ಇರುತ್ತದೆ. ನಮ್ಮ ಅಂಗಳದಲ್ಲಿ ದೂರದ ಪಂಪ್‌ಸೆಟ್ಟು, ಕುಟ್ರುಹಕ್ಕಿ, ಹಟ್ಟಿಯಲ್ಲಿ ದನದ ಗಂಟೆ. ಅರ್ಧ ನಿಮಿಷ ಅದನ್ನು ಹಿಡಿದಿಟ್ಟುಕೊಂಡರೆ ಎಡಿಟ್ ಮಾಡುವಾಗ ಎರಡು ಮಾತುಗಳ ನಡುವಿನ ಹರಕಿಗೆ ಅಡಿಯಲ್ಲಿ ಹಾಸಬಹುದು. ಇಲ್ಲದಿದ್ದರೆ ಪ್ರತಿ ಕಟ್ಟಿನಲ್ಲೂ ಕಿವಿ ಎಡವುತ್ತದೆ. "ಯಾರೂ ಅಲುಗಾಡಬೇಡಿ" ಅಂತ ಹೇಳಿ ಎಲ್ಲರೂ ನಿಂತೆವು. ಕ್ಯಾಮರಾದವ ಹಾಳೆಯ ಮೇಲೆ ಕೂತವ ಹಾಗೆಯೇ ಕೂತಿದ್ದ, ಫೋನೂ ರೆಕಾರ್ಡ್ ಆಗುತ್ತಾ ಇತ್ತು. ಆಗ ಪಡುವಣದಿಂದ ಗುಡುಗು.

"ಮಳೆ ಬಕ್ಕು ಮಾಣಿ! ಅಡಕ್ಕೆ ಒಳ ಹಾಕು, ಅಡಕ್ಕೆ!"

ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಜ್ಜಿ ಅಂಗಳಕ್ಕೆ ಇಳಿದಾಗಿತ್ತು. ಕೆಲಸಕ್ಕೆ ಬಂದ ಅಕ್ಕ ತೋಟದಿಂದ ತುಳುವಿನಲ್ಲಿ "ಬರ್ಸ ಬತ್ತ್ಂಡ್!", ಮಳೆ ಬಂತು ಅಂತ ಬೊಬ್ಬೆ ಹಾಕಿದಳು. ಕ್ಯಾಮರಾದವ ಫೋನನ್ನು ಹಾಳೆಯ ಮೇಲೆ ಇಟ್ಟು ಓಡಿದ. ಕಣ್ಣೂರಿನ ಕಡೆಯ ಹುಡುಗ ಅವನು, ಅಡಿಕೆ ಗೋರುವ ಹಲಗೆಯನ್ನು ಜೀವನದಲ್ಲಿ ಮೊದಲ ಸಲ ಹಿಡಿದದ್ದು. ಚಾಲಿ, ಅಂದರೆ ಸಿಪ್ಪೆ ಸಮೇತ ಒಣಗಿಸುವ ಹಣ್ಣಡಿಕೆ, ಒಣಗಲು ಸುಮಾರು 40 ದಿನದ ಬಿಸಿಲು ಬೇಕು. ನಡುವೆ ಒಂದು ಮಳೆಗೆ ಸಿಕ್ಕಿದರೆ ಬೂಷ್ಟು ಹಿಡಿಯುತ್ತದೆ, ದರ ಬೀಳುತ್ತದೆ. ಅದೆಲ್ಲ ಯಾರೂ ಅವನಿಗೆ ವಿವರಿಸಲಿಲ್ಲ. ಆ ಕೂಗು ಕೇಳಿದ್ದು ಸಾಕಾಯಿತು.

ನೀನು ನೋಡಿದ್ದು ಅದೇ ಶಾಟ್. ಓರೆಯಾಗಿ ಬಿದ್ದ ಫ್ರೇಮು, ಕಣ್ಣಿನ ಹತ್ತಿರದಲ್ಲೇ ಉರುಳುವ ಅಡಿಕೆ, ಓಡುವ ಕಾಲುಗಳು, ಸಿಮೆಂಟಿನ ಮೇಲೆ ರೂಪಾಯಿ ಅಗಲದ ಮೊದಲ ಹನಿ, ಅದರ ಪಕ್ಕ ಇನ್ನೊಂದು. ಆಮೇಲೆ ಅಂಗಳ ಪೂರ್ತಿ ಕಪ್ಪಾಗುವ ತನಕ ನಾನು ಕಟ್ ಮಾಡಲೇ ಇಲ್ಲ. ಚಿತ್ರ ಹೋಗಿ, ಶೀಟಿನ ಮೇಲಿನ ಮಳೆಯ ಶಬ್ದ ಉಳಿದು, ಆಗ ಟೈಟಲ್. ಅದಕ್ಕಿಂತ ಮೊದಲು ಎಲ್ಲಿ ಇಟ್ಟು ನೋಡಿದರೂ ಅದು ಅಜ್ಜಿಯ ಮಾತಿಗೆ ಅಡ್ಡ ನಿಲ್ಲುತ್ತಿತ್ತು. ನಿನ್ನ ಪ್ರಶ್ನೆಗೆ ಉತ್ತರ ಇಷ್ಟೇ.

ಆದರೆ ಎಡಿಟ್ ಮಾಡುತ್ತಾ ಅಜ್ಜಿಯ ಎರಡೂ ದನಿಗಳನ್ನು ಹಿಂದೆ ಮುಂದೆ ಕೇಳುವಾಗ ನನಗೆ ಒಂದು ವಿಷಯ ತಲೆಗೆ ಹೊಕ್ಕಿತು, ಇನ್ನೂ ಹೋಗಿಲ್ಲ. 1956ರಲ್ಲಿ ಅಜ್ಜಿ ಶಾಲೆಗೆ ಹೋಗುವ ಹುಡುಗಿ. ಆವತ್ತಿನಿಂದ ನಮ್ಮವರ ಕನ್ನಡಕ್ಕೆ ಒಂದು ಹೆಚ್ಚಿನ ಕೆಲಸ ಬಂತು: ಸಾಕ್ಷಿ ಹೇಳುವುದು. ಮನವಿ, ಠರಾವು, ಸತ್ಯಾಗ್ರಹ, ಆಯೋಗದ ಮುಂದೆ ಹೇಳಿಕೆ. ನಾವು ಇಲ್ಲಿದ್ದೇವೆ, ನಾವು ಕನ್ನಡದವರು ಅಂತ ಯಾರಿಗಾದರೂ ಕೇಳಿಸುವ ಹಾಗೆ ಹೇಳಬೇಕಾದಾಗಲೆಲ್ಲ ಕನ್ನಡ ಶುದ್ಧವಾಗಿರಬೇಕು. ತಪ್ಪಿದರೆ "ಇವರದ್ದು ಕನ್ನಡವೇ ಅಲ್ಲ" ಅಂತ ಆಗಿಬಿಡುತ್ತದಲ್ಲ. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯದ ಕಾನೂನು ಬಂದಾಗ ನಾವು ಯೂನಿಫಾರ್ಮಿನಲ್ಲಿ ಮೆರವಣಿಗೆ ಹೋಗಿದ್ದು ನೆನಪುಂಟಾ? ನಿನ್ನ ಮನೆಯಲ್ಲಿ ತುಳು, ನಮ್ಮಲ್ಲಿ ಹವ್ಯಕ, ಪಕ್ಕದಲ್ಲಿ ನಡೆಯುತ್ತಿದ್ದವನ ಮನೆಯಲ್ಲಿ ಬ್ಯಾರಿ. ಘೋಷಣೆ ಮಾತ್ರ ಪಾಠಪುಸ್ತಕದ ಕನ್ನಡದಲ್ಲಿ. ಅದರ ಬಗ್ಗೆ ನನಗೆ ಅಭಿಮಾನ ಉಂಟು. ಆ ಕನ್ನಡವನ್ನು ಹಿಡಿದುಕೊಂಡದ್ದರಿಂದಲೇ ನಮ್ಮ ಶಾಲೆ ಉಳಿದದ್ದು, ನಾನು ಇವತ್ತು ಇದನ್ನು ಬರೆಯುತ್ತಿರುವುದು. ಮೈಕ್ ಕಂಡ ಕೂಡಲೇ ಅಜ್ಜಿ ಬೆನ್ನು ನೆಟ್ಟಗೆ ಮಾಡಿದ್ದರ ಹಿಂದೆ ಅಷ್ಟು ದೊಡ್ಡ ಕಥೆ ಉಂಟು ಅಂತ ನಾನು ನಂಬುತ್ತೇನೆ. ಅವಳಿಗೆ ಮೈಕ್ ಅಂದರೆ ಹೊರಗಿನವರ ಕಿವಿ.

ಇಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಉಳಿದದ್ದನ್ನೂ ಹೇಳಿಬಿಡುತ್ತೇನೆ.

ಆ ಎರಡು ನಿಮಿಷದ ಕೊನೆಯಲ್ಲಿ ಮೊಮ್ಮಗನ ಫೋನ್ ರಿಂಗಾಗುತ್ತದಲ್ಲ, ಬೆಂಗಳೂರಿನಿಂದ ಗೆಳೆಯ? ಆ ಸಂಭಾಷಣೆ ಬರೆಯುವಾಗ ನಮ್ಮದೇ ಮಾತು ಹೇಗಿರುತ್ತದೆ ಅಂತ ನೆನಪಿಸಿಕೊಳ್ಳಲು ನೋಡಿದೆ. ಬರಲಿಲ್ಲ. ಬಂದದ್ದು "ಏನ್ ಸಮಾಚಾರ", "ಹೌದಾ, ಸೂಪರ್", "ಸರಿ, ಆಮೇಲ್ ಮಾತಾಡೋಣ". ನೀನು ಅಲ್ಲಿ ಹೋಗಿ ಅಲ್ಲಿಯ ಹಾಗೆ ಮಾತಾಡುವುದು ಸಹಜ, ರೂಮಿನವರು ನಿನ್ನ "ಎಂತ", "ಉಂಟು" ಕೇಳಿ ನಗುತ್ತಾರೆ ಅಂತ ನೀನೇ ಹೇಳಿದ್ದೆ. ನನ್ನನ್ನು ಕಾಡುವುದು ಅದಲ್ಲ. ನಿನ್ನ ಫೋನ್ ಬಂದರೆ ನಾನು ಬದಲಾಗುತ್ತೇನೆ. ಅಂಗಳದಲ್ಲೇ ನಿಂತು, ಅಜ್ಜಿ ಎದುರಿಗೇ ಇರುವಾಗ, ಬೆಂಗಳೂರಿನ ಕನ್ನಡ ಹುಡುಕಿ ಹುಡುಕಿ ಮಾತಾಡುತ್ತೇನೆ. ನೀನು ನಗುತ್ತಿ ಅಂತ ಅಲ್ಲ. ನಿನ್ನ ಹಿಂದೆ ಆ ರೂಮು ಪೂರ್ತಿ ಕೇಳುತ್ತಾ ಇದೆ ಅನ್ನಿಸುತ್ತದೆ. ಇಡೀ ಲೋಕದ ಮುಂದೆ ಸಾಕ್ಷಿ ಹೇಳಿಯೇನು, ನಿನ್ನ ಹತ್ತಿರವೂ ಹೇಳಬೇಕಾಗಿ ಬಂತಲ್ಲ ಅಂತ ಆವತ್ತು ರಾತ್ರಿ ಲ್ಯಾಪ್‌ಟಾಪ್ ಮುಚ್ಚಿ ಕೂತಿದ್ದೆ. ನಿನ್ನ ಜೊತೆ ಮಾತಾಡಿ ಫೋನ್ ಇಟ್ಟ ಮೇಲೆ ಮೊದಲಿಗಿಂತ ಹೆಚ್ಚು ಒಬ್ಬನೇ ಆಗಿಬಿಡುತ್ತೇನೆ ಮಾರಾಯ, ಈಗ ಸ್ವಲ್ಪ ಸಮಯದಿಂದ. ಕಾಗದದಲ್ಲಿ ಬರೆದರೆ ಹಾಗಾಗುವುದಿಲ್ಲ. ಇಲ್ಲಿ ಯಾರ ದನಿಯೂ ಯಾರಿಗೂ ಕೇಳಿಸುವುದಿಲ್ಲವಲ್ಲ.

ಹೋಗಲಿ ಬಿಡು. ಓದುವವರು "ಸಿನಿಮಾದ ವಿಷಯ ಎಲ್ಲಿ ಹೋಯಿತು" ಅಂತ ಕೇಳುವ ಮೊದಲು ಕೆಲಸದ ವಿಷಯಕ್ಕೆ ಬರುವ.

ಈಗ ಆ ಫೋನಿನ ಆಚೆಯ ದನಿ ನನ್ನದೇ, ತಾತ್ಕಾಲಿಕಕ್ಕೆ ಹಾಕಿದ್ದು. ಅದು ನಿನ್ನದಾಗಬೇಕು. ಫ್ಯಾನ್ ಆಫ್ ಮಾಡು. ರೂಮಿನವರನ್ನು ಚಾ ಕುಡಿಯಲು ಕಳಿಸು. ಮೈಕಿನ ಬಾಯಿಗೆ ಬಾಯಿ ಇಡಬೇಡ, ಒಂದು ಗೇಣು ದೂರ ಸಾಕು. ಗೋಡೆಯ ಪ್ರತಿಧ್ವನಿ ಬಂದರೆ ತಲೆಯ ಮೇಲೆ ಕಂಬಳಿ ಎಳೆದುಕೋ, ನೀನು ಒಂಬತ್ತನೇ ಕ್ಲಾಸಿನಲ್ಲಿ ಕ್ರಿಕೆಟ್ ಕಾಮೆಂಟರಿ ಕೇಳಿದ ಹಾಗೆಯೇ. ಕೊನೆಯಲ್ಲಿ ಅರ್ಧ ನಿಮಿಷ ಸುಮ್ಮನೆ ಕೂತು ಆ ರೂಮಿನ ಮೌನವನ್ನೂ ಕಳಿಸು, ನನಗೆ ಬೇಕು. ವಾಟ್ಸಾಪಿನ ವಾಯ್ಸ್ ಮೆಸೇಜ್ ಬೇಡ, ಅದು ದನಿಯನ್ನು ಹಿಂಡಿ ಹಿಪ್ಪೆ ಮಾಡುತ್ತದೆ. ರೆಕಾರ್ಡರಿನಲ್ಲಿ ಮಾಡಿ, ಫೈಲನ್ನು ಡಾಕ್ಯುಮೆಂಟ್ ಮಾಡಿ ಹಾಕು.

ಡೈಲಾಗ್ ಬರೆದು ಕೊಡುವುದಿಲ್ಲ. ಈ ಕಡೆಯಿಂದ ನಾನು "ಎಂತ ಮಾರಾಯ, ಊಟ ಆಯ್ತಾ?" ಅಂತ ಕೇಳುತ್ತೇನೆ. ನೀನು ಬಾಯಿಗೆ ಬಂದ ಹಾಗೆ ಉತ್ತರ ಹೇಳು. ಊರಿನ ಹಾಗೆ ಬಂದರೆ ಸಂತೋಷ, ಬೆಂಗಳೂರಿನ ಹಾಗೆ ಬಂದರೆ ಅದನ್ನೇ ಇಡುತ್ತೇನೆ, ತಿದ್ದಲು ಹೇಳುವುದಿಲ್ಲ. ನಾನು ಮಾತ್ರ ನನ್ನ ಸಾಲನ್ನು ಬದಲಿಸುವುದಿಲ್ಲ, ಫೋನಿನಲ್ಲಿಯೂ.

ಅಜ್ಜಿ ಹಲಸಿನ ಹಪ್ಪಳದ ಒಂದು ಡಬ್ಬಿ ನಿನಗೆ ಅಂತ ಎತ್ತಿಟ್ಟಿದ್ದಾಳೆ. ಕಣ್ಣೂರಿನ ಹುಡುಗ ಅದರ ಮೇಲೆ ಕಣ್ಣು ಹಾಕಿಯಾಗಿದೆ, ಬೇಗ ಬಾ.

ನಿನ್ನ,
ಹಿಂದಿನ ಬೆಂಚಿನವ